ಅಕ್ಕ ತಿದ್ದಿದ ಮಾತು

ತಪ್ಪು ಜರ್ಮನ್ ಕಿವಿಗೆ ಬಿದ್ದರೆ ಅಲ್ವೀನಾ ಟೀಚರಿಗೆ ಕಿವಿಯೊಳಗೆ ಇರುವೆ ಹೊಕ್ಕಂತಾಗುತ್ತಿತ್ತು. ಮೂವತ್ತಮೂರು ವರ್ಷ ನಮ್ಮೂರ ಶಾಲೆಯಲ್ಲಿ ಜರ್ಮನ್ ಕಲಿಸಿದವಳು. ಮಕ್ಕಳನ್ನಷ್ಟೇ ತಿದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹಾಲು ಹಾಕಲು ಬಂದವಳನ್ನು ತಿದ್ದುತ್ತಿದ್ದಳು, ಮದುವೆ ಮನೆಯಲ್ಲಿ ಹಾಡುವವರನ್ನು ತಿದ್ದುತ್ತಿದ್ದಳು. ಒಂದು ಸಲ ಹಿರಿಯ ಹೈನ್ರಿಖ್ ಸತ್ತಾಗ, ಮಣ್ಣು ಮಾಡುವಾಗ ಪ್ರಾರ್ಥನೆ ಹೇಳಿದ ಮುದುಕನನ್ನು ಊಟದ ಸಾಲಿನಲ್ಲಿ ಹಿಡಿದು ಕೂರಿಸಿ, ಎಲ್ಲೆಲ್ಲಿ ತಪ್ಪಿದ ಎಂದು ಹೇಳಿದ್ದಳು. "ಈಕೆ ಹೆಣದ ಮುಂದೂ ಬಿಡೋಳಲ್ಲ" ಎಂದು ಜನ ನಕ್ಕರು. ಆದರೆ ಯಾರಿಗೂ ಅವಳ ಮೇಲೆ ಕೋಪವಿರಲಿಲ್ಲ. ಊರಿಗೆ ಓದಿದವಳು ಎಂದರೆ ಅವಳೊಬ್ಬಳೇ.

ನಮ್ಮ ಜನರ ಜರ್ಮನ್ ಇನ್ನೂರು ವರ್ಷದಷ್ಟು ಹಳೆಯದು. ಜರ್ಮನಿಯಿಂದ ವಲಸೆ ಬಂದ ಹಿರಿಯರು ರಷ್ಯನ್ನರ ನಾಡಿನ ವೋಲ್ಗಾ ನದಿಯ ದಂಡೆಯಲ್ಲಿ ಆಡಿ ಬೆಳೆಸಿದ ಮಾತು. ಜರ್ಮನಿಯೊಡನೆ ಯುದ್ಧ ಹತ್ತಿದ ನಲವತ್ತೊಂದರಲ್ಲಿ ಸರ್ಕಾರ ಎಲ್ಲರನ್ನೂ ದನದ ರೈಲಿಗೆ ತುಂಬಿ ಕಜಾಕಿಸ್ತಾನದ ಈ ಬಯಲಿಗೆ ತಂದು ಸುರಿದಾಗ, ಜೊತೆಗೆ ಬಂದದ್ದು ಮೈಮೇಲಿನ ಬಟ್ಟೆ ಮತ್ತು ಆ ಮಾತು, ಅಷ್ಟೇ. ಅಲ್ವೀನಾ, ಅವಳ ತಮ್ಮ ಎವಾಲ್ಡ್ ಇಬ್ಬರನ್ನೂ ಸಾಕಿದ್ದು ಅಜ್ಜಿ. ಅಪ್ಪ, ಅಮ್ಮ ಇಬ್ಬರನ್ನೂ ಸರ್ಕಾರ ಕಾಡಿನ ಕೂಲಿಗೆ ಎಳೆದುಕೊಂಡು ಹೋಗಿತ್ತು. ಅಜ್ಜಿಯ ಮಾತನ್ನೇ ಕಲಿತು ಬೆಳೆದ ಅಲ್ವೀನಾ ಪಟ್ಟಣದ ಕಾಲೇಜಿಗೆ ಹೋದ ಮೊದಲ ದಿನ ಬಾಯಿ ತೆರೆದಳು, ಇಡೀ ತರಗತಿ ನಕ್ಕಿತು. "ಇದು ದನ ಕಾಯೋರ ಜರ್ಮನ್" ಎಂದರು ಮೇಷ್ಟರು. ಆ ಮಾತು ಅವಳಿಗೆ ಎಲ್ಲಿ ನಾಟಿತೋ, ಅಲ್ಲಿಂದ ಮುಂದೆ ಅವಳು ಅಜ್ಜಿಯ ಜೊತೆಗೂ ಪುಸ್ತಕದಲ್ಲಿದ್ದಂತೆಯೇ ಮಾತಾಡಿದಳು. ಅಜ್ಜಿ ಸಾಯುವವರೆಗೆ ಅವಳನ್ನು "ನಮ್ಮನೆ ಜಡ್ಜಮ್ಮ" ಎಂದೇ ಕರೆದಳು.

ದೊಡ್ಡ ದೇಶ ಒಡೆದು ಕಜಾಕಿಸ್ತಾನ ಬೇರೆಯಾದಾಗ ನಮ್ಮೂರಲ್ಲಿ ಸದ್ದೇ ಆಗಲಿಲ್ಲ. ಯಾರೂ ಯಾರ ಮೇಲೂ ಕಲ್ಲೆಸೆಯಲಿಲ್ಲ. ಊರ ಬೋರ್ಡಿನಲ್ಲಿ ಪೆರ್ವೊಮೈಕಾ ಎಂಬ ರಷ್ಯನ್ ಹೆಸರು ಹೋಗಿ ಅಕ್‌ಬುಲಾಕ್ ಎಂಬ ಕಜಾಕ್ ಹೆಸರು ಬಂತು, ಅಷ್ಟೇ. ಆಮೇಲೆ ಒಂದೊಂದೇ ಮನೆಯ ಹೊಗೆ ನಿಂತಿತು. ಇನ್ನೂರ ಹತ್ತು ಜರ್ಮನ್ ಮನೆಗಳಿದ್ದ ಊರಲ್ಲಿ ಆರನೆಯ ವರ್ಷಕ್ಕೆ ಉಳಿದದ್ದು ಮೂವತ್ತನಾಲ್ಕು. ರಷ್ಯನ್ನರು ಗಡಿಯಾಚೆಗೆ ಹೋದರು, ಉಕ್ರೇನಿನವರು ಉಕ್ರೇನಿಗೆ. ನಮ್ಮವರು ಜರ್ಮನಿಗೆ, ಅಜ್ಜನ ಅಜ್ಜನೂ ನೋಡದ ಆ ಸೀಮೆಗೆ. ಖಾಲಿಯಾದ ಮನೆಗಳಿಗೆ ಮಂಗೋಲಿಯಾದಿಂದ ಕಜಾಕರು ಬಂದರು. ತಾತಂದಿರ ಕಾಲದಲ್ಲಿ ಓಡಿಹೋದವರು, ಈಗ ತಮ್ಮ ದೇಶ ಎಂದು ಮರಳಿದವರು. ಅಂಗಳದಲ್ಲಿ ಉಣ್ಣೆಯ ಗುಡಾರ ಹಾಕಿಕೊಂಡು, ಒಳಗಿನ ಕೋಣೆಗಳಲ್ಲಿ ಕುರಿಮರಿ ಕಟ್ಟಿದರು. ನಾವು ಮಾತ್ರ ಆ ಮನೆಗಳನ್ನು ಇನ್ನೂ ಹಾಫ್‌ಮನ್ನರ ಮನೆ, ಗ್ರೇಬರ ಮನೆ ಎಂದೇ ಕರೆಯುತ್ತಿದ್ದೆವು. ಹಾಗೆ ಕರೆಯುವವರೂ ಹೋದ ಮೇಲೆ ಅವು ಯಾರ ಮನೆಯಾಗುತ್ತವೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದೆವು.

ಎವಾಲ್ಡನ ಒಬ್ಬಳೇ ಮಗಳು ಇರ್ಮಾ ಗಂಡನ ಮನೆಯವರ ಜೊತೆ ಮೂರು ವರ್ಷದ ಹಿಂದೆಯೇ ಹೋಗಿದ್ದಳು. ಅಲ್ಲಿ ಮಗ ಹುಟ್ಟಿದ, ಯಾನಿಕ್ ಎಂದು ಹೆಸರು. ಎವಾಲ್ಡ್ ಮೊಮ್ಮಗನನ್ನು ಕಂಡದ್ದು ಫೋಟೋದಲ್ಲಿ ಮಾತ್ರ. ಐವತ್ತನಾಲ್ಕು ವರ್ಷದ, ಎತ್ತಿನಂಥ ಆಳು. ಮೂವತ್ತು ವರ್ಷ ಗೋಧಿ ಕೊಯ್ಯುವ ಕಂಬೈನ್ ಓಡಿಸಿದವನು ಆ ಫೋಟೋವನ್ನು ಟೋಪಿಯ ಒಳಗೆ ಇಟ್ಟುಕೊಂಡು ಓಡಾಡುತ್ತಿದ್ದ. ಜರ್ಮನಿಗೆ ಹೋಗಲು ಅರ್ಜಿ ಹಾಕಿದ್ದ. ಅಕ್ಕನಿಂದಲೂ ಹಾಕಿಸಿದ್ದ. ಅಷ್ಟರಲ್ಲಿ ಜರ್ಮನಿಯವರು ಹೊಸ ಕಾನೂನು ತಂದರು: ಬರುವವರಿಗೆ ಮಾತಿನ ಪರೀಕ್ಷೆ. ಒಮ್ಮೆ ಫೇಲಾದರೆ ಮುಗಿಯಿತು, ಎರಡನೆಯ ಸಲವಿಲ್ಲ.

ಊರಿಗೆ ಊರೇ ಅಲ್ವೀನಾಳ ಬಾಗಿಲಿಗೆ ಬಂತು. ಹಾಲಿನವಳು, ಹಾಡಿನವರು, ಪ್ರಾರ್ಥನೆಯ ಮುದುಕ, ಎಲ್ಲರೂ. ಅಲ್ವೀನಾ ಒಳಗೊಳಗೇ ಬೀಗಿದಳು, ಸುಳ್ಳೇಕೆ. ಶಾಲೆ ಬಿಟ್ಟ ಮೇಲೆ, ವಾರಕ್ಕೆ ನಾಲ್ಕು ದಿನ, ಎರಡನೆಯ ತರಗತಿಯ ಕೋಣೆಯಲ್ಲಿ ಪಾಠ ಶುರುವಾಯಿತು. ಎವಾಲ್ಡ್ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತು ಬೆವರುತ್ತಿದ್ದ.

"ಹಬ್ಬದ ವಿಷಯ ಕೇಳ್ತಾರೆ, ಹೇಳು" ಎಂದಳು ಅಲ್ವೀನಾ.

"ನಮ್ಮಜ್ಜಿ ಹಂದಿ ಕುಯ್ಯೋ ದಿವ್ಸ ನಮ್ನೆಲ್ಲ ಮಂಚದ್ ಕೆಳಿಕ್ಕೆ ಅಟ್ಬುಡೋಳು. ಕೂಗು ಕೇಳುದ್ರೆ ರಾತ್ರಿ ಉಚ್ಚೆ ಉಯ್ಕೊತವೆ ಮುಂಡೇವು ಅಂತ—"

"ಥೂ, ಆಫೀಸರ್ ಮುಂದೆ ಹೀಗಾ ಮಾತಾಡೋದು? ಬರ್ಕೊ. 'ಹಂದಿಯನ್ನು ಕೊಯ್ಯುವ ದಿನದಂದು ನಮ್ಮ ಅಜ್ಜಿಯವರು ಮಕ್ಕಳಾದ ನಮ್ಮನ್ನು ಮಂಚದ ಕೆಳಗೆ ಕಳುಹಿಸುತ್ತಿದ್ದರು.'"

"ಅಜ್ಜಿಯವರು?" ಎವಾಲ್ಡ್ ಪೆನ್ಸಿಲ್ ಕೆಳಗಿಟ್ಟ. "ಅಕ್ಕ, ಅವಳು ನಮ್ಮನ್ನ ಕಳುಹಿಸಲಿಲ್ಲ ಕಣೆ. ಪೊರಕೆ ತಗೊಂಡು ಅಟ್ತಿದ್ಲು."

"ಪೊರಕೆ ಬೇಡ. ಬರಿ."

ಬರೆದ. ಬಾಯಿಪಾಠ ಮಾಡಿದ. ದಾರಿಯಲ್ಲಿ, ಕೊಟ್ಟಿಗೆಯಲ್ಲಿ, ಊಟದ ಮುಂದೆ ಅದನ್ನೇ ಗೊಣಗಿದ. ಅವನ ಹೆಂಡತಿ ಹಾಲ್ಯಾ ಉಕ್ರೇನಿನವಳು, ನಾಲಿಗೆ ಚುರುಕು. "ಅತ್ತಿಗೆ, ನನ್ನ ಗಂಡನಿಗೆ ಏನು ಮಾಡಿದ್ದೀರಿ? ನಿನ್ನೆ ಹಸುವಿಗೆ 'ದಯವಿಟ್ಟು ತಮ್ಮ ಕಾಲನ್ನು ಸರಿಸುವಿರಾ' ಅಂದ. ಹಸು ಗಾಬರಿಯಾಗಿ ಹಾಲೇ ಕೊಡ್ಲಿಲ್ಲ" ಎಂದಳು. ನಗುವಾಗಲೇ ಅವಳು ಪೆಟ್ಟಿಗೆಗಳನ್ನೂ ತುಂಬುತ್ತಿದ್ದಳು. ಮನೆಯನ್ನು ಮಂಗೋಲಿಯಾದಿಂದ ಬಂದ ಸೈಲಾವ್, ಬಾತಿಮಾ ಎಂಬ ಗಂಡ ಹೆಂಡತಿಗೆ ಕೊಡುವುದೆಂದು ಮಾತಾಗಿತ್ತು. ಚಳಿ ತಡೆಯಲಾರದೆ ಅವರು ಆಗಲೇ ನಾಲ್ಕು ಮಕ್ಕಳೊಂದಿಗೆ ಅಂಗಳದಲ್ಲಿ ಬೇಸಿಗೆಗೆಂದು ಬೇರೆಯಾಗಿ ಕಟ್ಟಿದ್ದ ಅಡುಗೆಮನೆಗೆ ಬಂದು ಸೇರಿಯೂ ಆಗಿತ್ತು.

ಮಾರ್ಚಿನಲ್ಲಿ ಜಿಲ್ಲಾ ಪಟ್ಟಣದಲ್ಲಿ ಪರೀಕ್ಷೆ. ಬಾಡಿಗೆಗೆ ಹಿಡಿದ ಸಭಾಂಗಣದ ಹೊರಗೆ ನಮ್ಮವರು ತುಪ್ಪಳದ ಟೋಪಿ ಕೈಯಲ್ಲಿ ಹಿಡಿದು ಮದುವೆಗೆ ಬಂದವರಂತೆ ಸಾಲಾಗಿ ಕೂತಿದ್ದರು. ಎವಾಲ್ಡ್ ಒಳಗೆ ಹೋದ. ಇಪ್ಪತ್ತು ನಿಮಿಷ ಕಳೆದು ಹೊರಗೆ ಬಂದಾಗ ಅವನ ಮುಖ ತೊಳೆದ ತಟ್ಟೆಯಂತೆ ಹೊಳೆಯುತ್ತಿತ್ತು.

"ಒಂದೂ ತಪ್ಲಿಲ್ಲ ಅಕ್ಕ. ಅಜ್ಜಿಯವರು ಅಂದೆ, ದಿನದಂದು ಅಂದೆ, ಎಲ್ಲಾ ನೀನು ಹೇಳ್ಕೊಟ್ಟ ಹಾಗೇ. ಆಫೀಸರಮ್ಮ ಚಿಕ್ಕ ವಯಸ್ಸಿನೋಳು, ಒಳ್ಳೇಳು. ತುಂಬಾ ಚೆನ್ನಾಗಿ ಮಾತಾಡ್ತೀರಿ, ಎಲ್ಲಿ ಕಲಿತ್ರಿ ಅಂತ ಕೇಳಿದ್ಲು."

"ನೀನೇನಂದೆ?"

"ನಮ್ಮಕ್ಕ ಟೀಚರು, ನವೆಂಬರಿಂದ ವಾರಕ್ಕೆ ನಾಕು ದಿನ ಕಲಿಸಿದ್ಲು, ಎಲ್ಲಾ ಬರ್ಸಿ ಬಾಯಿಪಾಠ ಮಾಡ್ಸಿದ್ಲು ಅಂದೆ. ಮತ್ತೆ, ನಿನ್ನ ಹೆಸರು ಹೇಳ್ದೆ ಇರೋಕಾಗುತ್ತಾ?"

ಅಲ್ವೀನಾಳ ಕಣ್ಣು ತುಂಬಿ ಬಂತು. ತಮ್ಮನ ಬೆನ್ನು ತಟ್ಟಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಆ ಇಬ್ಬರಿಗೂ ಆ ಕ್ಷಣ ನೆನಪಾಗಲಿಲ್ಲ. ನೆನಪಾಗಿದ್ದರೂ ಏನು ಮಾಡಲಿಕ್ಕಿತ್ತು?

ಆಮೇಲೆ ಅವಳ ಸರದಿ. ಆಫೀಸರಮ್ಮ ಕೇಳಿದ ಎಲ್ಲದಕ್ಕೂ ಪುಸ್ತಕ ಓದಿದಂತೆ ಉತ್ತರ ಕೊಟ್ಟಳು. ಆ ಹುಡುಗಿ ಬೇಸರದಿಂದ ಬರೆದುಕೊಳ್ಳುತ್ತಿದ್ದಳು. ಬರೆಯುತ್ತಾ ಬರೆಯುತ್ತಾ ಅವಳ ಮೊಣಕೈ ತಗುಲಿ ಬಿಸಿ ಚಹಾದ ಗ್ಲಾಸು ಉರುಳಿತು. ಕಾಗದವೆಲ್ಲ ನೆನೆಯುವಷ್ಟರಲ್ಲಿ ಅಲ್ವೀನಾ ಎದ್ದು ತನ್ನ ತಲೆವಸ್ತ್ರ ಕಿತ್ತು ಒರೆಸತೊಡಗಿದಳು. "ಅಯ್ಯೋ ಮೂದೇವಿ, ಕಣ್ಣೇನ್ ಹಿತ್ಲಲ್ ಬಿಟ್ ಬಂದಿದ್ಯಾ? ಕೈ ಸುಟ್ಕೊಂಡ್ಯಾ, ತೋರ್ಸು ಇಲ್ಲಿ" ಎಂದು ಬಾಯಿಂದ ಬಂದೇಬಿಟ್ಟಿತು. ಮೂವತ್ತೈದು ವರ್ಷ ಅದುಮಿಟ್ಟ ಅಜ್ಜಿಯ ಮಾತು ಅಜ್ಜಿಯ ದನಿಯಲ್ಲೇ ಬಂತು. ಹುಡುಗಿ ಒಂದು ಗಳಿಗೆ ಬೆಚ್ಚಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇದನ್ನು ಯಾರು ಹೇಳುತ್ತಿದ್ದರು, ಇನ್ನೇನು ಬಯ್ಯುತ್ತಿದ್ದರು ಎಂದು ಕೇಳಿದಳು. ಅರ್ಧ ಗಂಟೆ ಅಲ್ವೀನಾ ಅಜ್ಜಿಯ ಮಾತಿನಲ್ಲೇ ಅಜ್ಜಿಯ ಕಥೆ ಹೇಳಿದಳು.

ಅಲ್ವೀನಾ ಹೊರಗೆ ಬಂದವಳೇ ಬೆಂಚಿನ ಮೇಲೆ ಕುಸಿದಳು. "ಹೋಯ್ತು ಕಣೋ. ಬಾಯಿ ತಪ್ಪಿ ದನ ಕಾಯೋರ ಹಾಗೆ ಮಾತಾಡ್ಬಿಟ್ಟೆ."

"ಇರ್ಲಿ ಬಿಡಕ್ಕ" ಎಂದ ಎವಾಲ್ಡ್, ಅವಳ ಕೈ ಹಿಡಿದು. "ನಿಂದು ಆಗ್ದೇ ಇದ್ರೆ ನಾನು ಅಲ್ಲಿಗೆ ಹೋಗಿ ಹೇಗಾದ್ರೂ ಮಾಡಿ ಕರೆಸ್ಕೊತೀನಿ. ನಿನ್ನನ್ನ ಇಲ್ಲಿ ಒಂಟಿ ಬಿಡ್ತೀನಾ?"

ಆಗಸ್ಟಿನಲ್ಲಿ ಎರಡು ಲಕೋಟೆ ಒಟ್ಟಿಗೇ ಬಂದವು. ಆಫೀಸಿನ ಜರ್ಮನ್ ಎವಾಲ್ಡನಿಗೆ ಓದಲು ಬಾರದು. ಅದಕ್ಕೆ ಟಪಾಲಿನವಳು ಎರಡನ್ನೂ ಅಲ್ವೀನಾಳಿಗೇ ಕೊಟ್ಟಳು. ತನ್ನದರಲ್ಲಿ 'ಒಪ್ಪಿಗೆ' ಎಂದಿತ್ತು. ಅವನದರಲ್ಲಿ ಒಂದೂವರೆ ಪುಟ. ಅಲ್ವೀನಾ ಮೂರು ಸಲ ಓದಿದಳು. ಅರ್ಥವಾಗದೆ ಅಲ್ಲ, ಅರ್ಥ ಬೇರೆ ಆದೀತೇನೋ ಎಂದು. ಅರ್ಜಿದಾರರ ಭಾಷೆ ಶುದ್ಧವಾಗಿದೆ, ಆದರೆ ಅದು ಮನೆಯಲ್ಲಿ ಹಿರಿಯರಿಂದ ಬಂದದ್ದಲ್ಲ, ಇತ್ತೀಚೆಗೆ ಪಾಠದಿಂದ ಕಲಿತದ್ದು ಎಂದು ಅವರೇ ತಿಳಿಸಿದ್ದಾರೆ. ಆದ್ದರಿಂದ ಅವರನ್ನು ಜರ್ಮನ್ ಎಂದು ಪರಿಗಣಿಸಲು ಸಾಧ್ಯವಿಲ್ಲ.

ಅಲ್ಲಿಯವರಿಗೆ ಬೇಕಾಗಿದ್ದದ್ದು ಅಜ್ಜಿಯ ಪೊರಕೆ. ಅದನ್ನೇ ಇವಳು ಅಳಿಸಿ ಹಾಕಿದ್ದಳು.

ತಮ್ಮನ ಮನೆಗೆ ಮುನ್ನೂರು ಹೆಜ್ಜೆ. ಆ ದಿನ ಅದು ಮುಗಿಯಲೇ ಇಲ್ಲ. ಎವಾಲ್ಡ್ ಅಂಗಳದಲ್ಲಿ ಸೈಲಾವನಿಗೆ ಕುಡುಗೋಲು ಮಸೆಯುವುದನ್ನು ತೋರಿಸುತ್ತಿದ್ದ. ಅಕ್ಕನ ಮುಖ ನೋಡಿಯೇ ನಿಲ್ಲಿಸಿದ. ಅವಳು ನಿಂತಲ್ಲೇ ಪೂರ್ತಿ ಓದಿ ಹೇಳಿದಳು, ಒಂದು ಪದವನ್ನೂ ಮರೆಮಾಚದೆ.

ಅವನು ಕುಡುಗೋಲನ್ನು ಕೆಳಗಿಟ್ಟ. ಆಮೇಲೆ ಸಿಟ್ಟಿಲ್ಲದೆ, ಮಗುವಿನ ಹಾಗೆ ಕೇಳಿದ: "ಮನೇಲಿ ಕಲ್ತಿದ್ದಲ್ಲ ಅಂತಾರಾ? ಹಂಗಾದ್ರೆ ಅಜ್ಜಿ ಯಾರು?"

"ತಪ್ಪು ನಂದು ಕಣೋ" ಎಂದಳು ಅಲ್ವೀನಾ.

"ನಿಂದೆಲ್ಲಿ? ನೀನು ಸರಿಯಾದ್ದನ್ನ ಹೇಳ್ಕೊಟ್ಟೆ. ನನ್ನ ಬಾಯಿಗೇ ಅದು ಒಗ್ಗಲಿಲ್ಲ, ಅವರಿಗೆ ಗೊತ್ತಾಗಿದೆ" ಎಂದ ಎವಾಲ್ಡ್. ಅವಳು ಎಷ್ಟು ಬಿಡಿಸಿ ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಚೆನ್ನಾಗಿ ಮಾತಾಡಿದ್ದಕ್ಕೆ ಯಾರಾದರೂ ಫೇಲು ಮಾಡುತ್ತಾರೆಯೇ? ತನ್ನ ಹಳೆಯ ಮಾತು ಎಲ್ಲೋ ಇಣುಕಿರಬೇಕು ಎಂದೇ ಅವನು ನಂಬಿದ. ಅವತ್ತಿನಿಂದ ಅವನು ಜರ್ಮನ್ ಬಿಟ್ಟ. ಅಕ್ಕ ಬೇಕೆಂದೇ ಅಜ್ಜಿಯ ಮಾತಿನಲ್ಲಿ ಕೆಣಕಿದರೂ ರಷ್ಯನ್‌ನಲ್ಲಿ ಉತ್ತರ ಕೊಡುತ್ತಿದ್ದ.

ಅಲ್ವೀನಾ ಕೈ ಕಟ್ಟಿ ಕೂರಲಿಲ್ಲ. ಆಫೀಸಿಗೆ ನಾಲ್ಕು ಪುಟದ ಮನವಿ ಬರೆದಳು. ತಮ್ಮನಿಗೆ ಮನೆಮಾತು ಬರುತ್ತದೆ, ನಾನೇ ಅದನ್ನು ಬಿಡಿಸಿ ಬೇರೆ ಕಲಿಸಿದೆ, ಅಪರಾಧ ನನ್ನದು, ದಯಮಾಡಿ ಇನ್ನೊಮ್ಮೆ ಅವನ ಬಾಯಿಂದ ಕೇಳಿ ಎಂದು. ಜೀವನದಲ್ಲಿ ಅಷ್ಟು ಚೆಂದದ ಜರ್ಮನ್ ಅವಳು ಬರೆದಿರಲಿಲ್ಲ. ನವೆಂಬರಿನಲ್ಲಿ ಉತ್ತರ ಬಂತು: ತೀರ್ಮಾನ ಬದಲಾಗುವುದಿಲ್ಲ. ಅರ್ಜಿದಾರರು ಪಾಠ ಹೇಳಿಸಿಕೊಂಡದ್ದು ಸಹೋದರಿಯವರ ಪತ್ರದಿಂದಲೂ ದೃಢಪಟ್ಟಿದೆ.

ಪತ್ರ ಓದಿ ಅವಳು ಒಲೆಯ ಮುಂದೆ ಕೂತು ಅತ್ತಳು. ಮೂವತ್ತಮೂರು ವರ್ಷ ಕೆಂಪು ಪೆನ್ಸಿಲ್ ಹಿಡಿದ ಬಲಗೈಯನ್ನು ಎಡಗೈಯಿಂದ ಹೊಡೆದುಕೊಂಡಳು. ಕೇಳುವವರು ಯಾರೂ ಇರಲಿಲ್ಲ. ಅಕ್ಕಪಕ್ಕದ ಎರಡೂ ಮನೆ ಆಗಲೇ ಖಾಲಿ.

ಮನೆ ಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಹೋಗಿ ಎಂದು ಎವಾಲ್ಡ್ ಹೇಳಲಾರ, ಬಿಡಿ ಎಂದು ಸೈಲಾವ್ ಕೇಳಲಾರ. ಕೊನೆಗೆ ಬಾತಿಮಾಳೇ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಒಂದು ಬುಟ್ಟಿ ತಂದಿಟ್ಟು, ಹೊಸದಾಗಿ ಕಲಿತ ಹರಕುಮುರುಕು ರಷ್ಯನ್‌ನಲ್ಲಿ ಹೇಳಿದಳು: "ಇರಿ ಅಣ್ಣ. ಅಡುಗೆಮನೆ ನಮಗೆ ಸಾಕು. ಎಲ್ಲಿಗೆ ಹೋದ್ರೂ ಅಷ್ಟೇ. ಇಲ್ಲಿಯ ಕಜಾಕರು ಅಂಗಡೀಲಿ ನನ್ನ ಮಾತು ಕೇಳಿ ನಗ್ತಾರೆ. ಮಂಗೋಲಿ ಬಂದ್ಲು ಅಂತಾರೆ. ಮಂಗೋಲಿಯಾದಲ್ಲಿ ಕಜಾಕಿ ಅಂತಿದ್ರು." ಹಾಲ್ಯಾ ಅವಳ ಪಕ್ಕ ಕೂತು ಒಂದು ಉಂಡೆ ಬಾಯಿಗೆ ಹಾಕಿಕೊಂಡಳು. ಕಟ್ಟಿದ ಪೆಟ್ಟಿಗೆಗಳನ್ನು ಬಿಚ್ಚಲು ಅವಳಿಗೆ ಇನ್ನೂ ಮನಸ್ಸು ಬಂದಿರಲಿಲ್ಲ. ಬೇಕಾದ ಪಾತ್ರೆಯನ್ನಷ್ಟೇ ಒಂದೊಂದಾಗಿ ತೆಗೆದುಕೊಳ್ಳುತ್ತಿದ್ದಳು.

ನಾನೂ ಹೋಗುವುದಿಲ್ಲ ಎಂದಳು ಅಲ್ವೀನಾ. ಎವಾಲ್ಡ್ ಆ ಒಂದು ದಿನ ಮಾತ್ರ ಕೂಗಾಡಿದ. "ಇದ್ದು ಏನ್ಮಾಡ್ತೀಯ? ಶಾಲೇಲಿ ಜರ್ಮನ್ ತೆಗೆದ್ರು, ಇನ್ಮೇಲೆ ಎಲ್ಲಾ ಕಜಾಕಿನಲ್ಲೇ. ನಿನ್ನ ಪೆನ್ಸಿಲ್ ತಗೊಂಡು ಕುರಿ ತಿದ್ತೀಯಾ? ಅಲ್ಲಿ ಇರ್ಮಾಗೆ ಯಾರಿದ್ದಾರೆ? ನಮ್ಮಲ್ಲಿ ಒಬ್ರಾದ್ರೂ ಆ ಮಗೂನ ಎತ್ಕೋಬೇಕು ತಾನೆ?" ಅವಳಿಗೆ ಅತ್ತ ದರಿ, ಇತ್ತ ಪುಲಿ. ಏಪ್ರಿಲಿಗೆ ಟಿಕೆಟ್ ಆಯಿತು.

ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಇರ್ಮಾ ಊರ ಟಪಾಲು ಕಚೇರಿಗೆ ಫೋನ್ ಮಾಡುತ್ತಿದ್ದಳು. ಮಾರ್ಚಿನ ಆ ಭಾನುವಾರ ಹಾಲ್ಯಾಗೆ ಜ್ವರ, ಅಕ್ಕ ತಮ್ಮ ಇಬ್ಬರೇ ಹೋದರು. ಫೋನಿಗೆಂದಿದ್ದ ಮರದ ಗೂಡಿನೊಳಗೆ ಇಬ್ಬರೂ ಮೈಗೆ ಮೈ ಒತ್ತಿಕೊಂಡು ನಿಂತರು. ಇರ್ಮಾ ಅಪ್ಪನ ಜೊತೆ ರಷ್ಯನ್‌ನಲ್ಲಿ ಹವೆಯ ಬಗ್ಗೆ, ಅಮ್ಮನ ಜ್ವರದ ಬಗ್ಗೆ ಮಾತಾಡಿದಳು. ಆಮೇಲೆ, "ಅಪ್ಪ, ಯಾನಿಕ್ ಈಗ ಮಾತಾಡ್ತಾನೆ, ಕೊಡ್ತೀನಿ ತಡಿ. ರಷ್ಯನ್ ಬರಲ್ಲ ಅವನಿಗೆ, ಜರ್ಮನ್‌ನಲ್ಲೇ ಮಾತಾಡ್ಸು" ಎಂದಳು.

"ಹಲೋ? ಅಜ್ಜಾ?" ಎಂದಿತು ಸಣ್ಣ ದನಿ. ಗೂಡಿನಲ್ಲಿ ಇಬ್ಬರಿಗೂ ಕೇಳಿಸಿತು.

ಎವಾಲ್ಡ್ ಬಾಯಿ ತೆರೆದ. ಮುಚ್ಚಿದ. ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಅಕ್ಕನ ಕಡೆ ತಿರುಗಿ ಪಿಸುಗುಟ್ಟಿದ: "ಅಕ್ಕ, 'ಏನ್ ಮರಿ, ಉಂಡ್ಯೇನೋ ಬಂಗಾರ' ಅನ್ಬೋದಾ? ಸರಿಯಿದ್ಯಾ ಅದು?"

"ಹಂಗೇ ಅನ್ನೋ. ಅದೇ ಸರಿ. ಬೇಗ ಅನ್ನು."

"ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ಬೇಡ. ಮಗು ಕಲ್ತ್ಬಿಟ್ರೆ? ಸರಿಯಾದ್ದು ಹೇಳ್ಕೊಡು."

"ಅದೇ ಸರಿಯಾದ್ದು ಕಣೋ, ನನ್ನಪ್ಪ, ಅದೇ—"

"ಹಲೋ? ಅಜ್ಜ ಇಲ್ಲ ಅಮ್ಮಾ" ಎಂದಿತು ಮಗು ಅತ್ತ. ಎವಾಲ್ಡ್ ಅಂಗೈ ತೆಗೆದ. ಹಣೆಯ ಬೆವರು ಕೆನ್ನೆಗೆ ಇಳಿಯುತ್ತಿತ್ತು. "ನಾನು..." ಎಂದ. ಮುಂದಿನ ಪದಕ್ಕಾಗಿ ಅಕ್ಕನ ತುಟಿಯನ್ನೇ ನೋಡುತ್ತಾ ನಿಂತ, ಬೆಂಚಿನಲ್ಲಿ ಕೂತು ನೋಡುತ್ತಿದ್ದ ಹಾಗೆ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಸಮಯ ಮುಗಿದು ಲೈನು ಕಡಿದುಹೋಯಿತು.

ಅವನು ಫೋನನ್ನು ಮೆಲ್ಲಗೆ ಕೊಕ್ಕೆಗೆ ಸಿಕ್ಕಿಸಿದ. ಹೊರಗೆ ಮಂಗೋಲಿಯಾಕ್ಕೆ ಮಾತಾಡಲು ಕಾದಿದ್ದ ಹೆಂಗಸೊಬ್ಬಳು ಬಾಗಿಲು ತಟ್ಟುತ್ತಿದ್ದಳು. ಇವನು ಕದಲಲಿಲ್ಲ.

"ನೀನು ಏಪ್ರಿಲಲ್ಲಿ ಹೊರಟ್ಹೋಗ್ತೀಯ" ಎಂದ. "ಆಮೇಲೆ ನಾನು ಯಾರನ್ನ ಕೇಳ್ಲಿ ಅಕ್ಕ?"